ಇನ್ವರ್ಟರ್ ಮೇಲೆ ಓಡುವ ಗೇಮಿಂಗ್ ಪಿಸಿ: ಬಜೆಟ್ ಅಪ್‌ಗ್ರೇಡ್, ನನ್ನ ಅನುಭವ

ಶಿರಸಿ ಪೇಟೆಯಿಂದ ಹತ್ತು-ಹನ್ನೆರಡು ಕಿಲೋಮೀಟರ್ ಒಳಗೆ ನಮ್ಮ ಮನೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಬರುವುದು ಮರುದಿನವೋ ಅದರ ಮರುದಿನವೋ. ಇಂಥ ಊರಲ್ಲಿ ಡೆಸ್ಕ್‌ಟಾಪ್ ಅಪ್‌ಗ್ರೇಡ್ ಮಾಡುತ್ತೇನೆ ಎಂದಾಗ ಯಾರೂ ಒಪ್ಪಲಿಲ್ಲ. "ಎಲ್ಲ ಮಾರಿ ಲ್ಯಾಪ್‌ಟಾಪ್ ತಗೋ" ಎಂದರು ದೋಸ್ತರು. ಬೆಂಗಳೂರಿನಲ್ಲಿರುವ ಭಾವ ಮಾತ್ರ "ಹಳೇ ಬೋರ್ಡಿಗೆ ದುಡ್ಡು ಸುರಿಯಬೇಡ, ಎಎಂಡಿಯ ಹೊಸ ಎಎಂ5 ಬೋರ್ಡಿಗೆ ಹೋಗು" ಎಂದು ಫೋನ್ ಮಾಡಿದಾಗಲೆಲ್ಲ ಹೇಳುತ್ತಿದ್ದ. ಈಗ ಕರೆಂಟ್ ಇಲ್ಲದ ಸಂಜೆಯೂ ನಾನು ಎರಡೂವರೆ ಗಂಟೆ 1080ಪಿ ಹೈ ಸೆಟ್ಟಿಂಗ್‌ನಲ್ಲಿ ಆಡುತ್ತೇನೆ. ಹಳೇ ಸಾಮಾನು ಮಾರಿದ್ದು ಕಳೆದರೆ ಖರ್ಚು 23,000ದ ಆಸುಪಾಸು. ಭಾವನೇ ಈಗ ಪಾರ್ಟ್ಸ್ ಲಿಸ್ಟ್ ಕೇಳುತ್ತಿದ್ದಾನೆ.

ಮೊದಲಿದ್ದ ಮಷಿನ್ ಹೀಗಿತ್ತು. ರೈಜನ್ 5 1600 ಪ್ರೊಸೆಸರ್, ಬಿ450 ಬೋರ್ಡ್, 8 ಜಿಬಿ ರ‍್ಯಾಮ್ ಒಂದೇ ಸ್ಟಿಕ್, ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್, 75 ಹರ್ಟ್ಸ್ ಮಾನಿಟರ್. ಎಸ್‌ಎಸ್‌ಡಿ ಮೊದಲೇ ಹಾಕಿದ್ದೆ. ವ್ಯಾಲರಂಟ್‌ಗೆ ಇಷ್ಟು ಸಾಕಿತ್ತು. ಸೈಬರ್‌ಪಂಕ್ 2077 ಲೋ ಸೆಟ್ಟಿಂಗ್‌ನಲ್ಲೂ 30 ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮ್) ಸುತ್ತ ಒದ್ದಾಡುತ್ತಿತ್ತು.

ಎಲ್ಲರೂ ಮೊದಲು ಗ್ರಾಫಿಕ್ಸ್ ಕಾರ್ಡ್ ಹುಡುಕುತ್ತಾರೆ. ನಾನು ಮೊದಲು ನೋಡಿದ್ದು ಮನೆಯ ಇನ್ವರ್ಟರ್. 900 ವಿಎ, ಸೈನ್‌ವೇವ್ (ಲೈನ್ ಕರೆಂಟಿನಂತೆ ನಯವಾದ ಅಲೆ ಕೊಡುವಂಥದ್ದು), 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿ. 12 ವೋಲ್ಟ್ ಲೆಕ್ಕದ ಪ್ರಕಾರ 1,800 ವ್ಯಾಟ್-ಅವರ್. ಆದರೆ ಆ ರೇಟಿಂಗ್ ಇಪ್ಪತ್ತು ಗಂಟೆ ನಿಧಾನಕ್ಕೆ ಎಳೆದರೆ ಸಿಗುವಂಥದ್ದು. ಜೋರಾಗಿ ಎಳೆದರೆ ಅಷ್ಟು ಕೊಡುವುದಿಲ್ಲ. ಪೂರ್ತಿ ಖಾಲಿ ಮಾಡಿದರೆ ಬ್ಯಾಟರಿ ಆಯಸ್ಸೂ ಹೋಗುತ್ತದೆ. ಅದಕ್ಕೇ ಒಂದು ಸಾವಿರ ಸಿಕ್ಕರೆ ಸಾಕು ಎಂದಿಟ್ಟುಕೊಂಡೆ. ಲೈಟು, ಆಯಿಯ ಫ್ಯಾನು, ವೈಫೈ ಸೇರಿ ಮನೆಗೆ ನೂರು ವ್ಯಾಟ್ ಬೇಕೇ ಬೇಕು. ಅದನ್ನು ಕಳೆದು ಎರಡೂವರೆ ಗಂಟೆ ಆಡಬೇಕೆಂದರೆ, ಮಾನಿಟರ್ ಸೇರಿ ನನ್ನ ಪಿಸಿ 250 ವ್ಯಾಟ್ ದಾಟಬಾರದು. ಈ ನಂಬರು ಗಟ್ಟಿಯಾದ ಮೇಲೆ ಅರ್ಧ ಪಾರ್ಟುಗಳು ತಾವಾಗಿಯೇ ಲಿಸ್ಟಿನಿಂದ ಬಿದ್ದುಹೋದವು. ಅಳೆಯಲು ಒಂದು ಪ್ಲಗ್ ಮೀಟರ್ ತಂದೆ, ಆರು-ಏಳುನೂರು ರೂಪಾಯಿ. ಇಡೀ ಅಪ್‌ಗ್ರೇಡ್‌ನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ವಸ್ತು ಅದೇ.

ದುಡ್ಡು ಬಿಚ್ಚಿದ್ದು ಮೊದಲು ಎಸ್‌ಎಂಪಿಎಸ್‌ಗೆ, ಅಂದರೆ ಪಿಸಿಯ ಪವರ್ ಸಪ್ಲೈಗೆ. ಹಳೆಯದರಲ್ಲಿ ಕಾರ್ಡಿಗೆ ಕರೆಂಟ್ ಕೊಡುವ 8 ಪಿನ್ ಕನೆಕ್ಟರ್ ಇರಲಿಲ್ಲ. ಮೋಲೆಕ್ಸ್ ಕನ್ವರ್ಟರ್ ಹಾಕು ಎಂದರು, ನಾನು ಹಾಕಲಿಲ್ಲ. ಬೇಸಿಗೆಯಲ್ಲಿ ಸುತ್ತಮುತ್ತ ತೋಟದ ಪಂಪ್‌ಸೆಟ್ ಶುರುವಾದರೆ ನಮ್ಮಲ್ಲಿ ವೋಲ್ಟೇಜ್ 170-180ಕ್ಕೆ ಇಳಿಯುತ್ತದೆ. ಅದಕ್ಕಾಗಿ ಲೇಬಲ್ ಮೇಲೆ 100-240 ವೋಲ್ಟ್ ಎಂದಿರುವುದನ್ನೇ ಹುಡುಕಿದೆ. ಕಡಿಮೆ ಬೆಲೆಯ ಎಷ್ಟೋ ಮಾಡೆಲ್‌ಗಳಲ್ಲಿ 200-240 ಎಂದಿರುತ್ತದೆ, ನೋಡದೆ ತಗೋಬೇಡಿ. 550 ವ್ಯಾಟ್ ಬ್ರಾಂಜ್, ನಾಲ್ಕು ಸಾವಿರದ ಹತ್ತಿರ. ಆಕ್ಟಿವ್ ಪಿಎಫ್‌ಸಿ (ಕರೆಂಟ್ ಎಳೆಯುವ ರೀತಿ ಸರಿಪಡಿಸುವ ಸರ್ಕ್ಯೂಟ್) ಇರುವ ಎಸ್‌ಎಂಪಿಎಸ್ ಸ್ಕ್ವೇರ್‌ವೇವ್ ಇನ್ವರ್ಟರ್ ಮೇಲೆ ತಕರಾರು ಮಾಡಬಹುದು. ಪಕ್ಕದ ಮನೆಯ ಹಳೇ ಇನ್ವರ್ಟರ್‌ಗೆ ಹಚ್ಚಿ ನೋಡಿದೆ, ಗುಂಯ್ ಎಂದು ಸದ್ದು ಮಾಡಿ ರೀಸ್ಟಾರ್ಟ್ ಆಯಿತು. ನಮ್ಮ ಸೈನ್‌ವೇವ್ ಮೇಲೆ, ತಕ್ಷಣ ಬ್ಯಾಟರಿಗೆ ಬದಲಾಗುವ ಯುಪಿಎಸ್ ಮೋಡ್‌ನಲ್ಲಿಟ್ಟರೆ, ಕರೆಂಟ್ ಹೋದದ್ದು ಆಟದಲ್ಲಿ ಗೊತ್ತೇ ಆಗುವುದಿಲ್ಲ.

ಇದರ ಜೊತೆಗೇ ಅರ್ಥಿಂಗ್. ಬರಿಗಾಲಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಂ ಎನ್ನುತ್ತಿತ್ತು. ಇಲೆಕ್ಟ್ರಿಷಿಯನ್ ಕರೆಸಿ ಹೊಸ ಗುಂಡಿ ತೆಗೆಸಿ ಇದ್ದಿಲು, ಉಪ್ಪು ಹಾಕಿಸಿದೆ. 1,500 ಹೋಯಿತು. ಇದಕ್ಕೆ ಒಂದು ಎಫ್‌ಪಿಎಸ್ ಕೂಡ ಜಾಸ್ತಿ ಬರುವುದಿಲ್ಲ, ನಿಜ. ಆದರೆ ಎಪ್ರಿಲ್-ಮೇ ಗುಡುಗು ನೋಡಿದವರು ಈ ಖರ್ಚು ಉಳಿಸಬಾರದು. ಸಿಡಿಲು ಶುರುವಾದರೆ ಪ್ಲಗ್ ಕಿತ್ತಿಡುವುದು ಬೇರೆ ಮಾತು, ಅದನ್ನು ಅರ್ಥಿಂಗ್ ಇದ್ದರೂ ಮಾಡಬೇಕು.

ಆಮೇಲೆ ಕಾರ್ಡ್. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಕ್ರಿಪ್ಟೋ ಕರೆನ್ಸಿಗೆ ಗ್ರಾಫಿಕ್ಸ್ ಕಾರ್ಡಿನಲ್ಲಿ ಮಾಡುವ ಮೈನಿಂಗ್ ನಿಂತ ಮೇಲೆ ಹಳೇ ಕಾರ್ಡುಗಳು ಮಾರ್ಕೆಟ್‌ಗೆ ಬಂದು ಬಿದ್ದವು. "ಆರ್‌ಎಕ್ಸ್ 580 8 ಜಿಬಿ ತಗೋ, ಅದಕ್ಕಿಂತ ಅಗ್ಗ ಇಲ್ಲ" ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು. ಸರಿ, ಅದನ್ನೂ ನೋಡಿಯೇಬಿಡೋಣ ಎಂದು ತರಿಸಿದೆ. ಮೊದಲು ಬಂದ ಕಾರ್ಡ್ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್‌ನಲ್ಲಿ 2048 ಶೇಡರ್ (ಚಿತ್ರ ಮೂಡಿಸುವ ಘಟಕ) ತೋರಿಸಿತು. ಅಸಲಿ 580ರಲ್ಲಿ 2304 ಇರಬೇಕು. 2048ಎಸ್‌ಪಿ ಎನ್ನುವ ಕಡಿಮೆ ಮಾಡೆಲ್ಲನ್ನು 580 ಎಂದೇ ಮಾರುತ್ತಾರೆ. ವಾಪಸ್ ಕಳಿಸಿದೆ. ಆಮೇಲೆ ಅಸಲಿಯೊಂದು 6,500ಕ್ಕೆ ಸಿಕ್ಕಿತು. ಆಟ ಚೆನ್ನಾಗಿಯೇ ಓಡಿತು, ಮಾತಿಲ್ಲ. ಆದರೆ ಕಾರ್ಡ್ ಒಂದೇ 185 ವ್ಯಾಟ್. ಪ್ಲಗ್ ಮೀಟರ್ 300 ದಾಟಿ ನಿಂತಿತು. ಕರೆಂಟ್ ಹೋದ ದಿನ ಒಂದೂವರೆ ಗಂಟೆಯೊಳಗೆ ಇನ್ವರ್ಟರ್ ಕೂಗಿ ಆಫ್ ಆಯಿತು. "ಅಡುಗೆಮನೆ ಲೈಟೂ ಹೋತಲ್ಲೋ ಮಾಣಿ" ಎಂದು ಆಯಿ ಬೈದಳು. ಆ ಕಾರ್ಡನ್ನು 6,000ಕ್ಕೆ ಮಾರಿದೆ. ಐನೂರು ರೂಪಾಯಿಗೆ ಇಡೀ ವಾದ ಮುಗಿಯಿತು, ಅಗ್ಗವೇ.

250 ವ್ಯಾಟ್ ಲೆಕ್ಕಕ್ಕೆ ಕೂರುವ ಕಾರ್ಡುಗಳು ಕೈಬೆರಳಷ್ಟು. ಆರ್‌ಎಕ್ಸ್ 6500 ಎಕ್ಸ್‌ಟಿ ವ್ಯಾಟ್‌ನಲ್ಲಿ ಕಡಿಮೆ, ಆದರೆ ಅದಕ್ಕೆ ಇರುವುದು ಪಿಸಿಐಇಯ (ಕಾರ್ಡನ್ನು ಬೋರ್ಡಿಗೆ ಜೋಡಿಸುವ ಸ್ಲಾಟ್) ನಾಲ್ಕೇ ಲೇನ್, ಅಂದರೆ ಡೇಟಾ ಹಾದಿ. ಬಿ450 ಬೋರ್ಡ್ ಹಳೇ ತಲೆಮಾರಿನ ಪಿಸಿಐಇ 3ರದ್ದು. ಕಾರ್ಡಿನ 4 ಜಿಬಿ ಮೆಮೊರಿ ತುಂಬಿದ ಕೂಡಲೇ ಆ ನಾಲ್ಕು ಲೇನಿನಲ್ಲಿ ಆಟ ಜಗ್ಗುತ್ತದೆ. ಹಳೇ ಬೋರ್ಡ್ ಇದ್ದವರು ಅದರ ಹತ್ತಿರ ಹೋಗಬೇಡಿ. ಜಿಟಿಎಕ್ಸ್ 1660 ಸೂಪರ್ 125 ವ್ಯಾಟ್, ಒಳ್ಳೆಯ ಕಾರ್ಡ್, ಮೆಮೊರಿ ಮಾತ್ರ 6 ಜಿಬಿ. ಆರ್‌ಟಿಎಕ್ಸ್ 3050 ಸೆಕೆಂಡ್ ಹ್ಯಾಂಡ್‌ನಲ್ಲೂ ದುಬಾರಿ ಇತ್ತು, ಸ್ಪೀಡ್ ಕಡಿಮೆ. ಉಳಿದದ್ದು ಆರ್‌ಎಕ್ಸ್ 6600. 8 ಜಿಬಿ, 132 ವ್ಯಾಟ್, ಒಂದೇ 8 ಪಿನ್. ಇದಕ್ಕೆ ಎಂಟು ಲೇನ್, ಹಾಗಾಗಿ ಪಿಸಿಐಇ 3ರ ಮೇಲೆ ಕಳೆದುಕೊಳ್ಳುವುದು ಅತಿ ಕಡಿಮೆ.

ಹುಬ್ಬಳ್ಳಿಯಲ್ಲಿ ಒಬ್ಬರ ಹತ್ತಿರ ಬಿಲ್ ಸಮೇತ ಇತ್ತು. ಕೇಳಿದ್ದು 14,000. ಹನ್ನೆರಡೂವರೆಗೆ ಇಳಿಸಿದೆ. ಹೇಗೆ ಇಳಿಸಿದೆ ಎಂದು ಬರೆಯುವುದಿಲ್ಲ, ಮುಂದಿನ ಕಾರ್ಡ್ ತರುವಾಗ ನನಗೇ ಬೇಕು. ಅವರ ಮನೆಯಲ್ಲೇ ಅರ್ಧ ಗಂಟೆ ಸ್ಟ್ರೆಸ್ ಟೆಸ್ಟ್ ಓಡಿಸಿದೆ. ಫ್ಯಾನ್ ಕೈಯಲ್ಲಿ ತಿರುಗಿಸಿ ಬೇರಿಂಗ್ ನೋಡಿದೆ, ಪೋರ್ಟುಗಳ ಒಳಗೆ ಟಾರ್ಚ್ ಬಿಟ್ಟೆ. ಮುಂಡಗೋಡ ದಾರಿಯ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ತಂದೆ.

ಪ್ರೊಸೆಸರ್ ವಿಷಯದಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನಿಲ್ಲ. ನನ್ನ ಬಿ450ಯಂತೆ ಎಎಂ4 ಬೋರ್ಡ್ ಇದ್ದರೆ ರೈಜನ್ 5 5600. ನಾನು ತಂದಾಗ ಸುಮಾರು 9,000. 5500 ಇನ್ನೂ ಎರಡು ಸಾವಿರ ಕಡಿಮೆಗೆ ಸಿಗುತ್ತಿತ್ತು. ಆದರೆ ಅದರ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ, 5600ದ್ದು 32. ಆಟಕ್ಕೆ ಅದೇ ಬೇಕಾದದ್ದು. ಎರಡೂ 65 ವ್ಯಾಟ್‌ನವೇ. ಬೋರ್ಡ್ ಹೊಸ ಪ್ರೊಸೆಸರನ್ನು ಗುರುತಿಸಬೇಕೆಂದರೆ ಹಳೇ 1600 ಇದ್ದಾಗಲೇ ಬಯಾಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಬೇಕು. ನಮ್ಮ ಊರಿನ ಚಿಂತೆ ಎಂದರೆ ಅಪ್‌ಡೇಟ್ ಅರ್ಧದಲ್ಲಿರುವಾಗ ಕರೆಂಟ್ ಕಣ್ಣು ಮಿಟುಕಿಸಿದರೆ ಬೋರ್ಡ್ ಸತ್ತಂತೆ. ನಾನು ಮಾಡಿದ್ದು ಇಷ್ಟೇ. ಬ್ಯಾಟರಿ ಫುಲ್ ಆದ ಮೇಲೆ ಮೇನ್ ಎಂಸಿಬಿಯನ್ನೇ ಇಳಿಸಿದೆ. ಪೂರ್ತಿ ಬ್ಯಾಟರಿಯ ಮೇಲೆ ಅಪ್‌ಡೇಟ್ ಮುಗಿಸಿದೆ. ಹೋಗುವ ಕರೆಂಟೂ ಇಲ್ಲ, ಬರುವ ಕರೆಂಟೂ ಇಲ್ಲ.

ರ‍್ಯಾಮ್‌ಗೆ ಅದೇ ಕಂಪನಿಯ ಇನ್ನೊಂದು 8 ಜಿಬಿ ಸ್ಟಿಕ್ ಹಾಕಿದೆ, 1,700ರ ಹತ್ತಿರ. 1600 ಇದ್ದಾಗ ಎರಡು ಸ್ಟಿಕ್ ಎಕ್ಸ್‌ಎಂಪಿ (ರ‍್ಯಾಮ್ ವೇಗದ ಸೆಟ್ಟಿಂಗ್) 3200ರಲ್ಲಿ ಬೂಟೇ ಆಗುತ್ತಿರಲಿಲ್ಲ, 2933ಕ್ಕೆ ಇಳಿಸಬೇಕಿತ್ತು. ಅಂಗಡಿಯವರು ಸ್ಟಿಕ್ ಕೆಟ್ಟಿದೆ ಎಂದರು. ಕೆಟ್ಟಿರಲಿಲ್ಲ. 5600 ಹಾಕಿದ ಮೇಲೆ ಅವೇ ಸ್ಟಿಕ್ 3200ರಲ್ಲಿ ಒಂದು ಎರರ್ ಇಲ್ಲದೆ ಮೆಮ್‌ಟೆಸ್ಟ್ ಪಾಸಾದವು. ಮೊದಲ ತಲೆಮಾರಿನ ರೈಜನ್‌ನ ಮೆಮೊರಿ ಕಂಟ್ರೋಲರ್‌ನ ತಾಕತ್ತೇ ಅಷ್ಟು.

ಈಗ ಮೀಟರ್ ಏನು ಹೇಳುತ್ತದೆ? ಸೈಬರ್‌ಪಂಕ್‌ನಲ್ಲಿ ಏನೂ ಟ್ಯೂನ್ ಮಾಡದಿದ್ದರೆ 240 ವ್ಯಾಟ್ ಸುತ್ತ. ಕಾರ್ಡಿನ ವೋಲ್ಟೇಜ್ 1150 ಮಿಲಿವೋಲ್ಟ್‌ನಿಂದ ಕೆಳಗೆ ಇಳಿಸಿ, ಎಫ್‌ಪಿಎಸ್ 72ಕ್ಕೆ ಕಟ್ಟಿಹಾಕಿದರೆ 200ರ ಒಳಗೆ. ಪ್ರೊಸೆಸರ್‌ನ ಕರ್ವ್ ಆಪ್ಟಿಮೈಜರ್‌ನಲ್ಲೂ (ವೋಲ್ಟೇಜ್ ಇಳಿಸುವ ಸೆಟ್ಟಿಂಗ್) ಸ್ವಲ್ಪ ಕೈಯಾಡಿಸಿದ್ದೇನೆ. ಆ ನಂಬರುಗಳನ್ನು ಕೊಡುವುದಿಲ್ಲ. ನನ್ನ ಚಿಪ್ಪಿಗೆ ಕೂತದ್ದು ನಿಮ್ಮದಕ್ಕೆ ಕೂರಬೇಕೆಂದೇನಿಲ್ಲ. ಐದೈದು ಪಾಯಿಂಟ್ ಇಳಿಸುತ್ತಾ, ಪ್ರತಿ ಸಲ ಒಂದು ಸಂಜೆ ಆಡಿ ನೋಡಿ.

ನಡುವೆ ಇನ್ನೊಂದು ಪ್ರಯೋಗ. ಅಡಿಕೆ ಸುಲಿಯುವ ಹೊತ್ತಿಗೆ ಮನೆತುಂಬ ಸಿಪ್ಪೆಯ ಧೂಳು. ಕ್ಯಾಬಿನೆಟ್ ಮುಂದೆ ನೈಲಾನ್ ಸೊಳ್ಳೆಪರದೆ ಒಂದು ಪದರ ಕಟ್ಟಿದೆ, ಟೆಂಪರೇಚರ್ ಎರಡು-ಮೂರು ಡಿಗ್ರಿ ಏರಿತು, ಧೂಳು ಮುಕ್ಕಾಲು ಪಾಲು ನಿಂತಿತು. ಎರಡು ಪದರ ಕಟ್ಟಿದಾಗ ಎಂಟು ಡಿಗ್ರಿ ಏರಿತು, ಬಿಚ್ಚಿದೆ. ಮಳೆಗಾಲದ ತೇವಕ್ಕೆ, ಆಡದಿದ್ದರೂ ದಿನಕ್ಕೆ ಒಂದು ಗಂಟೆ ಮಷಿನ್ ಚಾಲೂ ಇಡುತ್ತೇನೆ. ಬಟ್ಟೆ ಕಪಾಟಿಗೆ ಬಲ್ಬ್ ಹಚ್ಚಿಡುವ ಊರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ದುಡ್ಡಿನ ಲೆಕ್ಕ, ನೆನಪಿದ್ದಷ್ಟು: ಕಾರ್ಡ್ 12,500, ಪ್ರೊಸೆಸರ್ 9,000, ಎಸ್‌ಎಂಪಿಎಸ್ 4,000, ರ‍್ಯಾಮ್ 1,700, ಅರ್ಥಿಂಗ್ ಮತ್ತು ಮೀಟರ್ ಸೇರಿ ಎರಡು ಸಾವಿರದ ಮೇಲೆ, 580 ತಂದು ಮಾರಿದ್ದರಲ್ಲಿ ಹೋದ ಐನೂರು. ಹಳೇ 1600 ಮತ್ತು 1050 ಟಿಐ ಮಾರಿ ಏಳು ಸಾವಿರ ಬಂತು. ಭಾವ ಹೇಳಿದಂತೆ ಎಎಂ5ಗೆ ಹೋಗಿದ್ದರೆ ಬೋರ್ಡ್, ಪ್ರೊಸೆಸರ್, ಡಿಡಿಆರ್5 ರ‍್ಯಾಮ್‌ಗೇ ಈ ದುಡ್ಡು ಮುಗಿದು, ಕಾರ್ಡ್ ಹಳೆಯದೇ ಉಳಿಯುತ್ತಿತ್ತು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದ್ದು ನೋಡಿದರೆ ಈ ಮಾತು ಇನ್ನೂ ಗಟ್ಟಿ. ಕೈಯಲ್ಲಿ ಡಿಡಿಆರ್4 ಇದ್ದವರು ಅದನ್ನು ಬಿಡಬೇಡಿ.

ಇದೇ ಸೆಟ್ ಕುಮಟಾದ ದೋಸ್ತನಿಗೂ ಮಾಡಿಕೊಟ್ಟಿದ್ದೇನೆ. ಅವನ ಮನೆ ಸಮುದ್ರಕ್ಕೆ ಹತ್ತಿರ, ಅಲ್ಲಿ ತೊಂದರೆ ಉಪ್ಪುಗಾಳಿಯದ್ದು. ಕ್ಯಾಬಿನೆಟ್ ಸ್ಕ್ರೂ ಒಂದು ಮಳೆಗಾಲಕ್ಕೇ ಕೆಂಪಾಗುತ್ತದೆ, ರ‍್ಯಾಮ್ ಕಾಂಟ್ಯಾಕ್ಟ್ ಆಗಾಗ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಬೇಕು. ಅವನಿಗೆ ಕಾರ್ಡ್ ಹುಡುಕುವಾಗ ಗೋವಾದಲ್ಲಿ ಒಂದು ಸಾವಿರ ಕಡಿಮೆಗೆ ಸಿಗುತ್ತಿತ್ತು. ಬ್ರಾಕೆಟ್ ತುಕ್ಕು ಹಿಡಿದದ್ದು ಫೋಟೋದಲ್ಲೇ ಕಂಡಿತು. ಅದನ್ನು ಬಿಟ್ಟು ಘಟ್ಟದ ಮೇಲಿನ ಕಾರ್ಡೇ ಕೊಡಿಸಿದೆ. ಅವನ ಇನ್ವರ್ಟರ್ ಚಿಕ್ಕದು, ಮಿತಿ 200 ವ್ಯಾಟ್‌ಗೆ ಇಳಿಸಬೇಕಾಯಿತು. 60 ಎಫ್‌ಪಿಎಸ್‌ಗೆ ಕಟ್ಟಿದ ಮೇಲೆ ಅದೂ ಕೂತಿತು.