ಬೇರಿಂಗ್ ಎಷ್ಟು ದಿನ ಬಾಳೀತು? ಲೆಕ್ಕ ಹಾಕುವುದು ಹೀಗೆ

ಹಿಟ್ಟಿನ ಗಿರಣಿಯ ಮೋಟಾರು ಕಿರ್ರೆನ್ನುವವರೆಗೂ ಒಳಗಿನ ಬೇರಿಂಗ್ ಯಾರ ನೆನಪಿಗೂ ಬರುವುದಿಲ್ಲ. ಅದರ ಆಯಸ್ಸನ್ನು ಮೊದಲೇ ಅಂದಾಜಿಸಬಹುದು. ಗುಣಾಕಾರ, ಭಾಗಾಕಾರ ಬಂದರೆ ಸಾಕು.

ಮೊದಲು ಬೇರಿಂಗ್ ನಂಬರ್ ಓದಿಕೊಳ್ಳಿ. 6205 ಎಂದಿದ್ದರೆ ಕೊನೆಯ 05 ಅನ್ನು 5ರಿಂದ ಗುಣಿಸಿ. ಶಾಫ್ಟ್ ಕೂರುವ ತೂತು 25 ಮಿ.ಮೀ. ಕ್ಯಾಟಲಾಗ್‌ನಲ್ಲಿ ಆ ನಂಬರಿನ ಎದುರು ‘ಸಿ’ ಎಂಬ ಅಂಕಿ ಇರುತ್ತದೆ; ಎಷ್ಟು ಭಾರ ಬಿದ್ದರೆ ಬೇರಿಂಗ್ ಒಂದು ದಶಲಕ್ಷ ಸುತ್ತು ಬಾಳೀತು ಎಂಬುದನ್ನು ಅದು ಹೇಳುತ್ತದೆ. 6205ಕ್ಕೆ ಅದು ಸುಮಾರು 14 ಕಿಲೋನ್ಯೂಟನ್ (ಒಂದು ಕಿಲೋನ್ಯೂಟನ್ ಅಂದರೆ ಸುಮಾರು ನೂರು ಕಿಲೋ ತೂಕದಷ್ಟು ಭಾರ).

ಇನ್ನು ಬೇರಿಂಗ್ ಮೇಲೆ ಬೀಳುವ ಭಾರ, ‘ಪಿ’. ಬೆಲ್ಟಿನ ಎಳೆತವೂ ಸೇರಿ 1.4 ಕಿಲೋನ್ಯೂಟನ್ ಎಂದಿಟ್ಟುಕೊಳ್ಳಿ. ಸಿಯನ್ನು ಪಿಯಿಂದ ಭಾಗಿಸಿದರೆ 10. ಗೋಲಿ ಬೇರಿಂಗ್ ಆದ್ದರಿಂದ ಅದರ ಘನ ತೆಗೆಯಿರಿ: 1,000. ಅಂದರೆ 1,000 ದಶಲಕ್ಷ ಸುತ್ತು. ಮೋಟಾರು ನಿಮಿಷಕ್ಕೆ 1,440 ಸುತ್ತಿದರೆ ಗಂಟೆಗೆ 86,400. ಭಾಗಿಸಿದಾಗ ಸುಮಾರು 11,570 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ನಾಲ್ಕು ವರ್ಷ ಸಮೀಪ.

ಇಲ್ಲೇ ಸ್ವಲ್ಪ ನಿಲ್ಲಿ. ಬೆಲ್ಟು ಜಾರುತ್ತದೆಂದು ಬಿಗಿದು ಬಿಗಿದು ಭಾರ ಇಮ್ಮಡಿಯಾಯಿತೆನ್ನಿ. ಆಯಸ್ಸು ಅರ್ಧವಾಗುವುದಿಲ್ಲ, ಎಂಟನೇ ಒಂದು ಪಾಲಿಗೆ ಇಳಿಯುತ್ತದೆ! ನಾಲ್ಕು ವರ್ಷದ ಬೇರಿಂಗ್ ಆರು ತಿಂಗಳಿಗೆ ಮುಗಿಯುತ್ತದೆ. ಬೇರಿಂಗ್ ಬದಲಿಸುವ ಮೊದಲು ಬೆಲ್ಟಿನ ಬಿಗಿ ನೋಡಿ ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ 1947ರಲ್ಲಿ ಪ್ರಕಟಿಸಿದ ಸಿದ್ಧಾಂತವೇ ಈ ಲೆಕ್ಕದ ಬುನಾದಿ. ಗೋಲಿ ಉರುಳಿದಷ್ಟು ಸಲವೂ ಉಕ್ಕಿನ ಮೇಲ್ಮೈಗೆ ತುಸು ಕೆಳಗೆ ಒತ್ತಡ ಬಿದ್ದು, ಕೊನೆಗೊಂದು ದಿನ ಅಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟುತ್ತದೆ. ಅದು ಮೇಲೆ ಬಂದಾಗ ಗೋಲಿ ಓಡುವ ದಾರಿಯಿಂದ ಹಳೇ ಗೋಡೆಯ ಸುಣ್ಣದಂತೆ ಚಕ್ಕೆ ಏಳುತ್ತದೆ.

ಸಿಕ್ಕ ಅಂಕಿ ಖಾತರಿಯಲ್ಲ. ಒಂದೇ ಬಗೆಯ ನೂರು ಬೇರಿಂಗ್ ಓಡಿಸಿದರೆ 90 ಅಷ್ಟು ಕಾಲ ಬಾಳುತ್ತವೆ, ಹತ್ತು ಮೊದಲೇ ಹೋಗಬಹುದು ಎಂದಷ್ಟೇ ಅರ್ಥ. ಗ್ರೀಸಿಗೆ ಹಿಟ್ಟಿನ ಧೂಳು ಸೇರಿದರಂತೂ ಈ ಲೆಕ್ಕ ನಿಲ್ಲುವುದಿಲ್ಲ.

ಹೊಸ ಬೇರಿಂಗ್ ಕೂರಿಸಿದ ತಾರೀಕನ್ನು ಮೋಟಾರಿನ ಮೈಮೇಲೆ ಬಣ್ಣದಲ್ಲಿ ಬರೆದಿಡಿ. 10,000 ಗಂಟೆ ಸಮೀಪಿಸಿದಾಗ ಅದೇ ನಂಬರಿನ ಇನ್ನೊಂದು ಬೇರಿಂಗ್ ತಂದು, ಪೊಟ್ಟಣ ಒಡೆಯದೆ ಇಟ್ಟುಕೊಳ್ಳಿ.