ಎರಡು ಸರ್ವರ್, ಒಂದೇ ಡಿಸ್ಕ್: ಹೆಸರು ಅದಲು ಬದಲಾಗದಂತೆ ಇಡುವುದು ಹೇಗೆ?

ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಾಟಾದ ಲೆಕ್ಕವೆಲ್ಲ ಎರಡು ಲಿನಕ್ಸ್ ಸರ್ವರ್‌ಗಳ ಕ್ಲಸ್ಟರ್ ಮೇಲೆ ನಡೆಯುತ್ತಿತ್ತು. ಒಂದು ನಿಂತರೆ ಇನ್ನೊಂದು ಕೆಲಸ ಹಿಡಿಯಬೇಕು. ಹಂಗಾಮಿನ ನಡುವೆ ಒಂದು ರಾತ್ರಿ ಮೊದಲನೆಯದು ನಿಂತಿತು, ಎರಡನೆಯದು ಎದ್ದಿತು. ತೂಕ ಮಾಡಿಸಿದ ರೈತರೊಬ್ಬರು ಕೈಗೆ ಬಂದ ಚೀಟಿ ನೋಡಿ, "ಇದ ನಂಬರಿನ ಚೀಟಿ ಮೊನ್ನೆ ಕೊಟ್ಟೀರಲ್ರಿ" ಎಂದು ಕಿಸೆಯಿಂದ ಹಳೆಯದನ್ನು ತೆಗೆದು ಪಕ್ಕದಲ್ಲಿಟ್ಟರು. ಎರಡೂ ಒಂದೇ ನಂಬರ್. ಎರಡನೇ ಸರ್ವರ್ ಅಸಲಿ ಡೇಟಾ ಬಿಟ್ಟು, ಮೂರು ದಿನ ಹಳೆಯ ಪ್ರತಿ ಇದ್ದ ಬ್ಯಾಕಪ್ ಡಿಸ್ಕನ್ನು ತೆರೆದಿತ್ತು. ಆ ಕ್ಲಸ್ಟರ್ ಕಟ್ಟಿದವನು ನಾನೇ. ಬೆಳಗಿನವರೆಗೆ ಗೇಟಿನ ಹೊರಗೆ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ನಿಂತಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಡಿಸ್ಕ್ ಕೆಟ್ಟಿರಲಿಲ್ಲ. ಎರಡೂ ಸರ್ವರ್‌ಗಳಲ್ಲಿ 'ಎಂಪಾತ್‌ಬಿ' ಎಂಬ ಹೆಸರಿತ್ತು, ಆದರೆ ಅದು ಒಂದೊಂದು ಕಡೆ ಒಂದೊಂದು ಡಿಸ್ಕಿಗೆ ಅಂಟಿಕೊಂಡಿತ್ತು.

ಹೀಗೇಕೆ ಆಗುತ್ತದೆ? ಸರ್ವರ್‌ನಲ್ಲಿ ಎರಡು ಫೈಬರ್ ಪೋರ್ಟ್, ಡಿಸ್ಕ್‌ಗಳಿರುವ ಹೊರಗಿನ ಪೆಟ್ಟಿಗೆಯಲ್ಲಿ, ಅಂದರೆ ಸ್ಟೋರೇಜ್‌ನಲ್ಲಿ, ಎರಡು ಕಂಟ್ರೋಲರ್ ಇದ್ದು, ಪ್ರತಿ ಪೋರ್ಟ್ ಎರಡೂ ಕಂಟ್ರೋಲರ್ ಮುಟ್ಟುವಂತಿದ್ದರೆ ಡಿಸ್ಕಿಗೆ ನಾಲ್ಕು ದಾರಿ. ಲಿನಕ್ಸ್‌ಗೆ ಅದು ಎಸ್‌ಡಿಬಿ, ಎಸ್‌ಡಿಸಿ, ಎಸ್‌ಡಿಡಿ, ಎಸ್‌ಡಿಇ ಎಂಬ ನಾಲ್ಕು ಡಿಸ್ಕ್‌ಗಳಾಗಿ ಕಾಣುತ್ತದೆ. ಈ ಹೆಸರುಗಳು ರೀಬೂಟ್ ಆದರೆ ಬದಲಾಗಬಹುದು. ನಿಮ್ಮ ಎರಿ ಹೊಲಕ್ಕೆ ನಾಲ್ಕು ದಾರಿ ಇದ್ದರೂ ಉತಾರದಲ್ಲಿ ಸರ್ವೆ ನಂಬರ್ ಒಂದೇ ಅಲ್ಲವೇ? ಡಿಸ್ಕಿಗೂ ಅಂಥದ್ದೊಂದು ಸರ್ವೆ ನಂಬರ್ ಇದೆ, ಅದೇ ಡಬ್ಲ್ಯುಡಬ್ಲ್ಯುಐಡಿ. ಅದನ್ನು ಕೊಡುವುದು ಸ್ಟೋರೇಜ್, ಹೀಗಾಗಿ ಯಾವ ಸರ್ವರ್‌ನಿಂದ ನೋಡಿದರೂ ಒಂದೇ. ಆ ನಂಬರ್ ನೋಡಿಯೇ ಲಿನಕ್ಸ್‌ನ ಮಲ್ಟಿಪಾತ್ ಎಂಬ ತಂತ್ರಾಂಶ ನಾಲ್ಕು ದಾರಿಗಳನ್ನು ಕೂಡಿಸಿ ಒಂದು ಡಿಸ್ಕ್ ಮಾಡುತ್ತದೆ.

ತೊಡಕು ಹುಟ್ಟುವುದು ಹೆಸರಿಡುವಾಗ. 'ಯೂಸರ್ ಫ್ರೆಂಡ್ಲಿ ನೇಮ್ಸ್' ಆಯ್ಕೆ ಚಾಲೂ ಇದ್ದರೆ ಮಲ್ಟಿಪಾತ್ ತಾನು ಕಂಡ ಸರದಿಯಲ್ಲಿ ಎಂಪಾತ್‌ಎ, ಎಂಪಾತ್‌ಬಿ ಎಂದು ಇಡುತ್ತಾ ಹೋಗುತ್ತದೆ, ಇಟ್ಟದ್ದನ್ನು ಆ ಸರ್ವರ್‌ನ 'ಬೈಂಡಿಂಗ್ಸ್' ಫೈಲಿನಲ್ಲಿ ಬರೆದಿಡುತ್ತದೆ. ಪಕ್ಕದ ಸರ್ವರ್‌ನ ಫೈಲಿನಲ್ಲಿ ಏನಿದೆಯೋ ಅದಕ್ಕೆ ಗೊತ್ತಿಲ್ಲ. ಸ್ಟೋರೇಜ್ ಹಂಚಿಕೊಡುವ ಇಂಥ ಒಂದೊಂದು ಡಿಸ್ಕಿಗೂ ಲನ್ ಎನ್ನುತ್ತಾರೆ. ನಮ್ಮಲ್ಲಿ ಎರಡನೇ ಸರ್ವರ್‌ಗೆ ಬ್ಯಾಕಪ್ ಲನ್ ಮೊದಲು ಜೋಡಿಸಿದ್ದೆವು, ಡೇಟಾ ಲನ್ ಆಮೇಲೆ ಬಂತು. ಅಷ್ಟೇ ಸಾಕಾಯಿತು.

ಈಗ ಸರಿಪಡಿಸುವ ಕೆಲಸ. ಇದನ್ನು ಕಬ್ಬು ನುರಿಸುವ ಹಂಗಾಮು ಶುರುವಾಗುವ ಮುಂಚೆ, ಕಾಟಾ ಖಾಲಿ ಇರುವಾಗ ಮಾಡಿ. ಬ್ಯಾಕಪ್ ತೆಗೆದು, ಕ್ಲಸ್ಟರ್ ಸೇವೆ ನಿಲ್ಲಿಸಿ, ಎರಡೂ ಕಡೆ ಡಿಸ್ಕ್ ಅನ್‌ಮೌಂಟ್ ಮಾಡಿಕೊಳ್ಳಿ. ಇಲ್ಲಿ ಹೇಳುವ ಆಜ್ಞೆ, ಫೈಲುಗಳ ಹೆಸರನ್ನೆಲ್ಲ ಸರ್ವರ್‌ನಲ್ಲಿ ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಟೈಪಿಸಬೇಕು.

ಮೊದಲು ಪ್ರತಿ ಸರ್ವರ್‌ನಲ್ಲೂ ಮಲ್ಟಿಪಾತ್ ಆಜ್ಞೆಗೆ 'ಎಲ್ಎಲ್' ಆಯ್ಕೆ ಸೇರಿಸಿ ಓಡಿಸಿ. ಮೊದಲ ಸಾಲಿನಲ್ಲಿ ಹೆಸರು, ಅದರ ಮುಂದೆ ಕಂಸದೊಳಗೆ ಉದ್ದನೆಯ ಐಡಿ, ಕೆಳಗೆ ದಾರಿಗಳು ಕಾಣುತ್ತವೆ. ಎಲ್ಲವನ್ನೂ ಒಂದು ಹಾಳೆಯಲ್ಲಿ ಪಕ್ಕಪಕ್ಕ ಬರೆದುಕೊಳ್ಳಿ. ಹಲವು ಸ್ಟೋರೇಜ್‌ಗಳಲ್ಲಿ ಐಡಿ 3ರಿಂದ ಶುರುವಾಗಿ 33 ಅಕ್ಷರಗಳಷ್ಟು ಉದ್ದವಿರುತ್ತದೆ, ಒಂದೇ ಪೆಟ್ಟಿಗೆಯ ಲನ್‌ಗಳಿಗೆ ಮುಂಭಾಗ ಸಾಮಾನ್ಯವಾಗಿ ಒಂದೇ ತೆರನಾಗಿರುತ್ತದೆ. ಹಾಗಾಗಿ ಕೊನೆಯ ಅಂಕಿಗಳನ್ನು ಬೆರಳಿಟ್ಟು ಹೋಲಿಸಿ. ಗಾತ್ರ ನೋಡಿ ಗುರುತು ಹಿಡಿಯಬೇಡಿ. ನಮ್ಮ ಎರಡೂ ಲನ್ 500 ಜಿಬಿಯವೇ ಆಗಿದ್ದವು. ಯಾವ ಐಡಿ ಯಾವ ಲನ್ ಎಂಬುದನ್ನು ಸ್ಟೋರೇಜ್‌ನ ಅಡ್ಮಿನ್ ಪರದೆಯಲ್ಲೂ ನೋಡಿ ಖಾತ್ರಿ ಮಾಡಿಕೊಳ್ಳಿ.

ಆಮೇಲೆ 'ಇಟಿಸಿ' ಫೋಲ್ಡರಿನಲ್ಲಿರುವ 'ಮಲ್ಟಿಪಾತ್ ಡಾಟ್ ಕಾನ್ಫ್' ಫೈಲ್ ತೆರೆದು, 'ಮಲ್ಟಿಪಾತ್ಸ್' ವಿಭಾಗದಲ್ಲಿ ಪ್ರತಿ ಡಿಸ್ಕಿಗೂ 'ಮಲ್ಟಿಪಾತ್' ಎಂಬ ಒಳವಿಭಾಗ ಮಾಡಿ, ಅದರ ಪುಷ್ಪಾವರಣದೊಳಗೆ ಎರಡು ಸಾಲು ಬರೆಯಿರಿ: ಒಂದರಲ್ಲಿ 'ಡಬ್ಲ್ಯುಡಬ್ಲ್ಯುಐಡಿ' ಎಂದು ಬರೆದು ಐಡಿ, ಇನ್ನೊಂದರಲ್ಲಿ 'ಅಲಿಯಾಸ್' ಎಂದು ಬರೆದು ನಿಮ್ಮ ಹೆಸರು. ನಾನು 'ಕಾಟಾ_ಡೇಟಾ', 'ಕಾಟಾ_ಬ್ಯಾಕಪ್' ಎಂದು ಇಟ್ಟೆ. ಹೊಲಕ್ಕೆ ಮಡ್ಡಿ ಹೊಲ, ಹಳ್ಳದ ಹೊಲ ಎಂದು ಕರೆದರೂ ಉತಾರದ ನಂಬರ್ ಜೊತೆಗಿರುವ ಹಾಗೆ ಇದು. ಎಂಪಾತ್ ಎಂದು ಶುರುವಾಗುವ ಹೆಸರನ್ನು ಮಾತ್ರ ನೀವಾಗಿ ಇಡಬೇಡಿ, ತಾನಾಗಿ ಹುಟ್ಟುವ ಹೆಸರಿನ ಜೊತೆ ಡಿಕ್ಕಿಯಾಗಬಹುದು. ಅಲಿಯಾಸ್ ಬರೆದ ಡಿಸ್ಕಿಗೆ ಯೂಸರ್ ಫ್ರೆಂಡ್ಲಿ ಆಯ್ಕೆ ಲೆಕ್ಕಕ್ಕಿಲ್ಲ.

ಈ ವಿಭಾಗವನ್ನು ಎರಡನೇ ಸರ್ವರ್‌ನಲ್ಲಿ ಮತ್ತೆ ಕೈಯಿಂದ ಟೈಪಿಸಬೇಡಿ, ಕಾಪಿ ಮಾಡಿ. 33 ಅಕ್ಷರಗಳಲ್ಲಿ ಒಂದು ತಪ್ಪಿದರೂ ಮಲ್ಟಿಪಾತ್ ಆ ಸಾಲನ್ನು ಯಾವ ಡಿಸ್ಕಿಗೂ ಹೊಂದಿಸದೆ ಹಳೆಯ ಹೆಸರನ್ನೇ ತೋರಿಸುತ್ತದೆ. ಬೈಂಡಿಂಗ್ಸ್ ಫೈಲನ್ನೇ ಒಂದರಿಂದ ಇನ್ನೊಂದಕ್ಕೆ ಕಾಪಿ ಮಾಡುವ ಪದ್ಧತಿಯೂ ಇದೆ. ಆದರೆ ಆ ಫೈಲನ್ನು ಯಂತ್ರವೇ ತಿದ್ದುತ್ತಿರುತ್ತದೆ, ಅದಕ್ಕಾಗಿ ನನಗೆ ಅಲಿಯಾಸ್ ಮೇಲೇ ನಂಬಿಕೆ.

ಈಗ ಎರಡೂ ಕಡೆ 'ಮಲ್ಟಿಪಾತ್‌ಡಿ ರೀಕಾನ್ಫಿಗರ್' ಕೊಟ್ಟು, ಮತ್ತೆ ಎಲ್ಎಲ್ ಓಡಿಸಿ ಹಾಳೆಯ ಜೊತೆ ಹೋಲಿಸಿ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಬೂಟ್ ಆಗುವಾಗ ಬಳಸುವ ಇನಿಟ್‌ರ‍್ಯಾಮ್‌ಎಫ್‌ಎಸ್ ಒಳಗೂ ಈ ಫೈಲಿನ ಹಳೆಯ ಪ್ರತಿ ಉಳಿದಿರಬಹುದು. ರೆಡ್ ಹ್ಯಾಟ್ ಕುಟುಂಬದ ಲಿನಕ್ಸ್ ಆದರೆ 'ಡ್ರಾಕಟ್' ಆಜ್ಞೆಗೆ 'ಎಫ್' ಆಯ್ಕೆ ಸೇರಿಸಿ ಅದನ್ನು ಹೊಸದಾಗಿ ಕಟ್ಟಿ.

ಪೇಸ್‌ಮೇಕರ್‌ನಂಥ ಕ್ಲಸ್ಟರ್ ತಂತ್ರಾಂಶದಲ್ಲಿ ಡಿಸ್ಕಿನ ವಿಳಾಸವನ್ನು 'ಡೆವ್' ಒಳಗಿನ 'ಮ್ಯಾಪರ್' ಫೋಲ್ಡರಿನ ಹೊಸ ಹೆಸರಿಗೆ ಬದಲಿಸಿ. 'ಡಿಎಂ' ಅಂಕಿಯ ಹೆಸರುಗಳನ್ನು ಎಲ್ಲೂ ಬರೆಯಬೇಡಿ, ಅವೂ ಬದಲಾಗುತ್ತವೆ.

ಸರ್ವರ್‌ಗಳನ್ನು ಒಂದಾದ ಮೇಲೊಂದು ರೀಬೂಟ್ ಮಾಡಿ, ಹೆಸರು ಉಳಿದಿದೆಯೇ ನೋಡಿ. ಒಂದು ಫೈಬರ್ ಕೇಬಲ್ ಕಿತ್ತು, ಕೆಲವು ದಾರಿ ಬಿದ್ದರೂ ಡಿಸ್ಕ್ ಓಡುತ್ತಿದೆಯೇ ನೋಡಿ. ಕೊನೆಗೆ ಖಾಲಿ ಟ್ರ್ಯಾಕ್ಟರ್ ಒಂದನ್ನು ಕಾಟಾ ಮೇಲೆ ನಿಲ್ಲಿಸಿ ಚೀಟಿ ತೆಗೆಯಿರಿ, ಸೇವೆಯನ್ನು ಎರಡನೇ ಸರ್ವರ್‌ಗೆ ದಾಟಿಸಿ, ಅದೇ ಟ್ರ್ಯಾಕ್ಟರ್‌ಗೆ ಇನ್ನೊಂದು ಚೀಟಿ ತೆಗೆಯಿರಿ. ಎರಡನೇ ಚೀಟಿಯ ಮೇಲೆ ಮುಂದಿನ ನಂಬರ್ ಬಂದಿರಬೇಕು.