ಅರವತ್ತೋ ಎಪ್ಪತ್ತೋ: ಮುಂದಿನ ಟೈರು ಆರಿಸಿದ ನನ್ನ ಅನುಭವ

ನನ್ನ ಬೈಕು ಯಮಹಾ ಆರ್6 ಅನ್ನುವ ಸ್ಪೋರ್ಟ್ಸ್ ಬೈಕು, 2001ರ ಮಾಡೆಲ್. ಕಂಪನಿ ಕೊಟ್ಟ ಮುಂದಿನ ಟೈರಿನ ಅಳತೆ 120/60 ಝಡ್‌ಆರ್ 17, ಹಿಂದಿನದು 180/55. ಮುಂದಿನದು ಸವೆದಾಗ ಅದೇ ಅಳತೆಯ ಇನ್ನೊಂದನ್ನು ಹಾಕಿಸಿದರೆ ಕೆಲಸ ಮುಗಿಯಬೇಕಿತ್ತು. ಮುಗಿಯಲಿಲ್ಲ. 60ರಲ್ಲಿ ಆಯ್ಕೆ ತುಂಬಾ ಕಡಿಮೆ, 70ರಲ್ಲಿ, ಅಂದರೆ 120/70ರಲ್ಲಿ, ಬೇಕಾದಷ್ಟು. ಜೊತೆಗೆ ಸಿಕ್ಕವರೆಲ್ಲ "70 ಹಾಕ್ಸಿ, ಯೋಚನೆನೇ ಬೇಡ" ಅನ್ನುವವರೇ. ಯಾಕೆ ಅಂತ ಕೇಳಿದರೆ "ಯಮಹಾದವರೇ 2005ರಲ್ಲಿ 70ಕ್ಕೆ ಬಂದ್ರಲ್ಲ" ಅನ್ನುತ್ತಿದ್ದರು. ಬಂದದ್ದು ನಿಜ. ಆದರೆ ಅದೇ ವರ್ಷ ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಕೊಳವೆಗಳ ಫೋರ್ಕೂ ಬದಲಾಯಿತು, ಬ್ರೇಕೂ ಬದಲಾಯಿತು. ಅದನ್ನು ಯಾರೂ ಹೇಳಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ನಾನೂ 70 ತಂದು ಕಟ್ಟಿದೆ.

ಮೊದಲೇ ಕೂತು ಲೆಕ್ಕ ಹಾಕಿದ್ದರೆ ಒಂದು ತಿಂಗಳ ತಲೆನೋವು ಉಳಿಯುತ್ತಿತ್ತು. ಲೆಕ್ಕ ಕಷ್ಟದ್ದೇನಲ್ಲ. 120 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಓರೆ ಗೆರೆಯ ಆಚೆ ಇರುವುದು ಆ ಅಗಲದ ಶೇಕಡಾ ಎಷ್ಟು ಎತ್ತರ ಅನ್ನುವುದು. 120ರ ಶೇಕಡಾ 60 ಅಂದರೆ 72 ಮಿ.ಮೀ. ಶೇಕಡಾ 70 ಅಂದರೆ 84. ಕೊನೆಯ 17 ರಿಮ್ಮಿನ ವ್ಯಾಸ, ಇಂಚಿನಲ್ಲಿ. ಅದು ಎರಡಕ್ಕೂ ಒಂದೇ. ಹಾಗಾಗಿ 70 ಹಾಕಿದ ಕೂಡಲೇ ಅಚ್ಚು, ಅಂದರೆ ಚಕ್ರದ ಆಕ್ಸಲ್, ಮೊದಲಿದ್ದದ್ದಕ್ಕಿಂತ 12 ಮಿ.ಮೀ. ಮೇಲೆ ಹೋಗುತ್ತದೆ. ಅದರ ಜೊತೆಗೇ ಬೈಕಿನ ಇಡೀ ಮೂತಿ ಏಳುತ್ತದೆ. ಬೆರಳಿನ ಅಗಲದಷ್ಟೂ ಇಲ್ಲ, ಏನಾಗುತ್ತೆ ಮಹಾ ಅಂದುಕೊಂಡಿದ್ದೆ.

ಮೊದಲ ನೂರೈವತ್ತು ಕಿಲೋಮೀಟರ್ ಹುಷಾರಾಗಿ ಓಡಿಸಿದೆ. ಹೊಸ ಟೈರಿನ ಮೇಲ್ಮೈ ಜಾರುತ್ತದೆ, ಅದು ಸ್ವಲ್ಪ ಸವೆಯುವ ತನಕ ಆತುರ ಪಡಬಾರದು. ಆಮೇಲೆ ನನಗೆ ಗೊತ್ತಿರುವ ತಿರುವುಗಳಿಗೆ ಹೋದೆ. ಬ್ರೇಕು ಹಿಡಿದಾಗ ಖುಷಿಯಾಯಿತು. ಮುಂದಿನ ಚಕ್ರ ರಸ್ತೆಯನ್ನು ಅಪ್ಪಿಕೊಂಡ ಹಾಗೆ. ಸಣ್ಣ ಉಬ್ಬು ತಗ್ಗು ಕೈಗೆ ಬಡಿಯುವುದೂ ಕಮ್ಮಿಯಾಗಿತ್ತು. ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ, ಎತ್ತರ ಇದ್ದಷ್ಟೂ ಅದು ಬಾಗಿ ಏಟು ನುಂಗುತ್ತದೆ, ಅಷ್ಟೇ ಅದರ ಗುಟ್ಟು. ಆದರೆ ತಿರುವಿಗೆ ಇಳಿಸುವುದು? ಎಮ್ಮೆಯನ್ನು ಕೆರೆಯಿಂದ ಎಬ್ಬಿಸಿದ ಹಾಗೆ. ಹ್ಯಾಂಡಲನ್ನು ಒತ್ತುತ್ತಲೇ ಇರಬೇಕು. ಕೈ ಸಡಿಲ ಮಾಡಿದರೆ ಬೈಕು ಎದ್ದು ನಿಂತು ತಿರುವಿನ ಹೊರಗಡೆಗೆ ಸರಿಯುತ್ತಿತ್ತು. ಎಡ ಬಲ, ಎಡ ಬಲ ಅಂತ ಬೇಗ ಬೇಗ ವಾಲಿಸುವ ಕಡೆ ತೋಳು ನೋಯುತ್ತಿತ್ತು.

"ಈ ಟೈರೇ ಸರಿಯಿಲ್ಲ" ಅಂತ ಎರಡು ವಾರ ಬೈದೆ. ತಪ್ಪು ಟೈರಿನದಲ್ಲ, ನನ್ನದು.

ಬೈಕಿನ ಕೈಪಿಡಿಯಲ್ಲಿ ಎರಡು ಅಂಕಿಗಳಿವೆ. ರೇಕ್ 24 ಡಿಗ್ರಿ, ಟ್ರೇಲ್ 81 ಮಿ.ಮೀ. ರೇಕ್ ಅಂದರೆ ಹ್ಯಾಂಡಲ್ ತಿರುಗುವ ಅಕ್ಷ ಎಷ್ಟು ಓರೆಯಾಗಿದೆ ಅನ್ನುವುದು. ಆ ಅಕ್ಷದ ಗೆರೆಯನ್ನು ನೆಲದ ತನಕ ಎಳೆದರೆ, ಟೈರು ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ ಹೋಗಿ ತಾಗುತ್ತದೆ. ಈ ಎರಡು ಜಾಗಗಳ ನಡುವಿನ ದೂರವೇ ಟ್ರೇಲ್. ಅದು ಜಾಸ್ತಿಯಾದಷ್ಟೂ ಚಕ್ರ ನೇರ ನಿಲ್ಲಲು ನೋಡುತ್ತದೆ, ತಿರುಗಿಸಲು ಭಾರ. ಕಡಿಮೆಯಾದಷ್ಟೂ ಚುರುಕು, ಜೊತೆಗೆ ಸ್ವಲ್ಪ ಚಂಚಲ.

ಈಗ 12 ಮಿ.ಮೀ. ಸೇರಿಸಿ ನೋಡಿ. ಎರಡು ಚಕ್ರಗಳ ಅಂತರ 1380 ಮಿ.ಮೀ. ಮೂತಿ 12 ಮಿ.ಮೀ. ಎದ್ದರೆ ರೇಕ್ ಹೆಚ್ಚುಕಡಿಮೆ ಅರ್ಧ ಡಿಗ್ರಿ ಹೆಚ್ಚುತ್ತದೆ. ಟೈರಿನ ವ್ಯಾಸವೂ ದೊಡ್ಡದಾಗಿರುವುದರಿಂದ ಟ್ರೇಲ್ 81ರಿಂದ 89ರ ಆಸುಪಾಸಿಗೆ ಹೋಗುತ್ತದೆ. ಎಂಟು ಮಿಲಿಮೀಟರ್! ಸ್ಪೋರ್ಟ್ಸ್ ಬೈಕಿಗೆ ಇದು ಸಣ್ಣದಲ್ಲ. ತೋಳು ನೋಯದೆ ಇನ್ನೇನಾಗಬೇಕು?

ಪರಿಹಾರ ಹಳೆಯದೇ. ಫೋರ್ಕಿನ ಕೊಳವೆಗಳನ್ನು, ಅವನ್ನು ಬಿಗಿದು ಹಿಡಿದಿರುವ ಕ್ಲಾಂಪಿನಲ್ಲಿ ಮೇಲಕ್ಕೆ ಸರಿಸಿದರೆ ಮೂತಿ ಇಳಿಯುತ್ತದೆ. ಫೋರ್ಕು ಓರೆಯಾಗಿರುವುದರಿಂದ 12 ಇಳಿಸಬೇಕಾದರೆ 13 ಸರಿಸಬೇಕು. ಆಗ ರೇಕ್ ಮೊದಲಿನ 24ಕ್ಕೇ ಬರುತ್ತದೆ. ಟ್ರೇಲ್ ಮಾತ್ರ 86, 87ರಲ್ಲಿ ನಿಲ್ಲುತ್ತದೆ, ಯಾಕೆಂದರೆ ಟೈರು ದೊಡ್ಡದಾಗಿದ್ದು ದೊಡ್ಡದಾಗಿಯೇ ಇದೆ. ಅಂದರೆ ಫೋರ್ಕು ಎಷ್ಟೇ ಸರಿಮಾಡಿದರೂ 70 ಟೈರು 60ರ ಹಾಗೇ ಆಗುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡು ಕೆಲಸ ಶುರು ಮಾಡಬೇಕು.

ಇಲ್ಲಿ ಒಂದು ಅಪಾಯ ಇದೆ, ಬಹಳ ಜನ ನೋಡುವುದೇ ಇಲ್ಲ. ಗಟ್ಟಿಯಾಗಿ ಬ್ರೇಕು ಹಿಡಿದು ಫೋರ್ಕು ಪೂರ್ತಿ ಒಳಗೆ ಹೋದಾಗ ಟೈರು ಕೆಳಗಿನ ಕ್ಲಾಂಪಿಗೂ ರೇಡಿಯೇಟರಿಗೂ ಹತ್ತಿರ ಬರುತ್ತದೆ. ಟೈರು ದೊಡ್ಡದಾಗಿದ್ದರಿಂದ 12 ಮಿ.ಮೀ. ಜಾಗ ಹೋಯಿತು. ಫೋರ್ಕು ಸರಿಸಿದ್ದರಿಂದ ಇನ್ನು 13. ಕೆಳಗಿನ ಕ್ಲಾಂಪಿನ ಕಡೆ ಒಟ್ಟು 25 ಮಿ.ಮೀ. ಕಡಿಮೆ! ಸುಮ್ನೆ ನಿಂತ ಬೈಕಿನಲ್ಲಿ ಇಣುಕಿದರೆ ಎಲ್ಲಾ ಚೆನ್ನಾಗಿಯೇ ಕಾಣುತ್ತದೆ. ತಾಗುವುದು ಬ್ರೇಕು ಹಿಡಿದ ಕ್ಷಣದಲ್ಲಿ, ಅಂದರೆ ತಾಗಲೇಬಾರದ ಹೊತ್ತಿನಲ್ಲಿ. ಅದಕ್ಕೆ ನಾನು ಬೈಕಿನ ಮುಂಭಾಗವನ್ನು ಮೇಲಿನಿಂದ ಕಟ್ಟಿ ತೂಗುಹಾಕಿದೆ, ಫೋರ್ಕಿನ ಸ್ಪ್ರಿಂಗುಗಳನ್ನು ತೆಗೆದೆ, ಆಮೇಲೆ ಮೆಲ್ಲಗೆ ಇಳಿಸುತ್ತಾ ಫೋರ್ಕನ್ನು ಕೊನೆಯ ತನಕ ಒಳಕ್ಕೆ ಕಳಿಸಿದೆ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಟೈರಿಗೆ ಹತ್ತಿರ ಇರುವ ಪ್ರತಿಯೊಂದು ಜಾಗವನ್ನೂ ಅಳೆದೆ. ಅರ್ಧ ದಿನದ ಕೆಲಸ. ಬೇಜಾರಿನ ಕೆಲಸ. ಆದರೆ ಇದನ್ನು ಮಾಡದೆ ಫೋರ್ಕು ಸರಿಸಬೇಡಿ ಅಂತ ಮಾತ್ರ ಖಂಡಿತ ಹೇಳುತ್ತೇನೆ.

ಮಡ್‌ಗಾರ್ಡ್ ಇನ್ನೊಂದು ಕಥೆ. ಅದು ಚಕ್ರದ ಜೊತೆಗೇ ಮೇಲೆ ಕೆಳಗೆ ಹೋಗುವುದರಿಂದ ಫೋರ್ಕಿನ ಲೆಕ್ಕ ಅದಕ್ಕಿಲ್ಲ. ಕಳೆದುಕೊಂಡದ್ದು 12 ಮಿ.ಮೀ. ಮಾತ್ರ. ನನ್ನದರಲ್ಲಿ ಉಳಿದದ್ದು ಪೆನ್ಸಿಲ್ ತೂರುವಷ್ಟು ಜಾಗ. ವೇಗದಲ್ಲಿ ಟೈರು ಸ್ವಲ್ಪ ಹಿಗ್ಗುತ್ತದೆ, ಒಂದು ಕಲ್ಲು ಸಿಕ್ಕಿಕೊಂಡರೆ ಮುಗಿಯಿತು. ಮಡ್‌ಗಾರ್ಡನ್ನು ಎತ್ತರಿಸಿ ಕೂರಿಸಿದೆ.

ಇಷ್ಟೆಲ್ಲಾ ಆದ ಮೇಲೆ ಫೋರ್ಕನ್ನು ಒಂದೇ ಸಲ 13 ಸರಿಸಲಿಲ್ಲ. 4 ಮಿ.ಮೀ. ಸರಿಸಿದೆ, ಓಡಿಸಿದೆ. ಇನ್ನೂ 4 ಸರಿಸಿದೆ, ಅದೇ ರಸ್ತೆ, ಅದೇ ಗಾಳಿ ಒತ್ತಡ. ಕೈಪಿಡಿ ಹೇಳುವ 36 ಪಿಎಸ್‌ಐ, ಟೈರು ತಣ್ಣಗಿದ್ದಾಗ ಅಳೆದದ್ದು. ಒಂದು ಸಲಕ್ಕೆ ಒಂದೇ ಬದಲಾವಣೆ, ಇದರಲ್ಲಿ ನಾನು ಹಠಮಾರಿ. 8ಕ್ಕೆ ಬಂದಾಗ ಬೈಕು ಮತ್ತೆ ನನ್ನದಾಯಿತು. ಹ್ಯಾಂಡಲ್ ಒತ್ತಿದರೆ ವಾಲುತ್ತದೆ, ಬಿಟ್ಟರೆ ವಾಲಿದ ಕೋನದಲ್ಲೇ ಇರುತ್ತದೆ. 13ರ ತನಕ ಹೋಗುವ ಅಗತ್ಯವೇ ಬೀಳಲಿಲ್ಲ.

ಆದರೆ ಮನಸ್ಸಿನಲ್ಲಿ ಒಂದು ಅನುಮಾನ ಉಳಿದಿತ್ತು. ನಾನು ಹೋಲಿಸುತ್ತಿದ್ದದ್ದು ಯಾವುದರ ಜೊತೆ? ಸವೆದು ಸತ್ತ 60ರ ಜೊತೆ. ಆ ಟೈರಿನ ಎರಡು ಬದಿಗಳು ಸವೆದು, ಅಡ್ಡ ಸೀಳಿದರೆ ಮನೆಯ ಮಾಡಿನ ಹಾಗೆ ಕಾಣುವಂತಾಗಿತ್ತು. ಅಂಥ ಟೈರು ವಾಲಿಸುವಾಗ ಮೊದಲು ಸುಮ್ಮನಿದ್ದು ಆಮೇಲೆ ದಡಕ್ಕನೆ ವಾಲಿಬಿಡುತ್ತದೆ. ಹೊಸ ಟೈರು ಯಾವುದೇ ಹಾಕಿದರೂ ಅದಕ್ಕಿಂತ ಚೆನ್ನಾಗಿರಲೇಬೇಕು, ಅಲ್ವಾ? "70 ಹಾಕ್ಸಿದ್ಮೇಲೆ ಬೈಕೇ ಬದಲಾಯ್ತು" ಅನ್ನುವವರಲ್ಲಿ ಎಷ್ಟು ಜನ ಹೊಸ ರಬ್ಬರನ್ನು ಹೊಗಳುತ್ತಿದ್ದಾರೋ.

ಹಾಗಾಗಿ ಆ 70 ಸವೆದಾಗ ಬೇಕಂತಲೇ ಹೊಸ 60 ಹಾಕಿದೆ, ಫೋರ್ಕು ಮೊದಲಿನ ಜಾಗಕ್ಕೆ. ನಿಜ ಹೇಳುತ್ತೇನೆ, ಬೇಗ ವಾಲುವುದರಲ್ಲಿ 60ನ್ನು ಮೀರಿಸಲು ಆಗುವುದಿಲ್ಲ. ನೋಡಿದ ಕಡೆಗೆ ಬೈಕು ಹೋಗುತ್ತದೆ. ನುಣುಪು ರಸ್ತೆಯಲ್ಲಿ ನನಗೆ ಅದೇ ಇಷ್ಟ. ಆದರೆ ಬ್ರೇಕು ಹಿಡಿದುಕೊಂಡೇ ತಿರುವಿಗೆ ಇಳಿಯುವಾಗ, ಅದರಲ್ಲೂ ರಸ್ತೆ ಒರಟಾಗಿದ್ದರೆ, 70 ಕೊಡುವ ಧೈರ್ಯ ಇದು ಕೊಡಲಿಲ್ಲ. ಒರಟು ರಸ್ತೆಯಲ್ಲಿ ಹ್ಯಾಂಡಲ್ ಕೈಯಲ್ಲಿ ಅದುರುತ್ತಿತ್ತು.

ಇನ್ನೊಂದು ತಮಾಷೆ. 60ರಲ್ಲಿ ನಾನು ಟೈರಿನ ಅಂಚಿನ ತನಕ ಸವೆಸುತ್ತಿದ್ದೆ. 70ರಲ್ಲಿ ಅದೇ ವೇಗ, ಅದೇ ತಿರುವು, ಆದರೂ ಅಂಚಿನಲ್ಲಿ ಒಂದು ಪಟ್ಟಿ ಹೊಸದಾಗಿಯೇ ಉಳಿಯುತ್ತಿತ್ತು. ಗೆಳೆಯರು "ಏನಯ್ಯಾ, ಹೆದರಿಕೊಂಡ್ಯಾ?" ಅಂತ ಕಾಡಿದರು. 70ರ ಬಾಗು ನಡುವಿನಿಂದ ಅಂಚಿನ ತನಕ ಉದ್ದ ಜಾಸ್ತಿ. ಅಷ್ಟೇ ವಾಲಿಸಿದರೂ ಆಚೆ ಇನ್ನೂ ರಬ್ಬರ್ ಉಳಿದಿರುತ್ತದೆ. ಅವರಿಗೆ ಇದನ್ನು ವಿವರಿಸಲು ಹೋಗಿ ಇನ್ನಷ್ಟು ನಗೆಪಾಟಲಾದೆ.

ಮೂರನೇ ಸಲ ಮತ್ತೆ 70. ಈ ಸಲ ಬೇರೆ ಕಂಪನಿಯದು. ಅಳತೆ ಅದೇ 120/70, ಫೋರ್ಕು ಅದೇ 8. ಆದರೂ ಬೈಕು ಬೇರೆ ಥರ! ಮೊದಲಿನದಕ್ಕಿಂತ ಬೇಗ ವಾಲುತ್ತಿತ್ತು, ನಡುವೆ ಸ್ವಲ್ಪ ಅಸ್ಥಿರ. ತೆಗೆದಿಟ್ಟಿದ್ದ ಹಳೆಯ 70ರ ಅಷ್ಟಾಗಿ ಸವೆಯದ ಒಂದು ಬದಿಗೂ ಹೊಸದಕ್ಕೂ ರಟ್ಟು ಹಿಡಿದು, ಬಾಗಿನ ಆಕಾರ ಬರೆದು ಕತ್ತರಿಸಿದೆ. ಎರಡು ರಟ್ಟುಗಳನ್ನು ಒಂದರ ಮೇಲೊಂದು ಇಟ್ಟರೆ ಉತ್ತರ ಕಣ್ಣೆದುರೇ ಇತ್ತು. ಒಂದು ದುಂಡಗೆ, ಇನ್ನೊಂದು ಚೂಪು. ಟೈರಿನ ಮೇಲೆ ಬರೆದ ಅಂಕಿ ಎತ್ತರ ಹೇಳುತ್ತದೆ, ಬಾಗು ಹೇಗಿದೆ ಅಂತ ಹೇಳುವುದಿಲ್ಲ. ಚೂಪು ಟೈರು ನೆಟ್ಟಗಿನಿಂದ ವಾಲಲು ಆತುರ ಪಡುತ್ತದೆ. ದುಂಡಗಿನದು ಮೊದಲಿನಿಂದ ಕೊನೆಯ ತನಕ ಒಂದೇ ಸಮ. ಫೋರ್ಕನ್ನು 8ರಿಂದ 5ಕ್ಕೆ ಇಳಿಸಿದ ಮೇಲೆ ಈ ಚೂಪಿನವನೂ ಹಾದಿಗೆ ಬಂದ. ಕವಾಸಾಕಿಯವರು ಕೆಲವು ವರ್ಷ ತಮ್ಮ 636 ಅನ್ನುವ ಸ್ಪೋರ್ಟ್ಸ್ ಬೈಕಿಗೆ ಎರಡರ ನಡುವಿನ 120/65 ಕೊಟ್ಟಿದ್ದು ಯಾಕೆ ಅಂತ ಆಗ ಸ್ವಲ್ಪ ಅರ್ಥವಾಯಿತು.

ಮಧ್ಯೆ ಹಿಂದಿನ ಟೈರೂ ಒಮ್ಮೆ ಮೋಸ ಮಾಡಿತು. ಹೊಸದು ಹಾಕಿದ ದಿನ ಬೈಕು ಇದ್ದಕ್ಕಿದ್ದಂತೆ ಚುರುಕಾಯಿತು. ಮುಂದೆ ನಾನು ಏನೂ ಮುಟ್ಟಿರಲಿಲ್ಲ. ಸವೆದ ಹಿಂದಿನ ಟೈರು ಕೆಲವು ಮಿಲಿಮೀಟರ್ ತಗ್ಗಾಗಿತ್ತು, ಹೊಸದು ಅಷ್ಟನ್ನೂ ಎತ್ತಿತ್ತು. ಹಿಂಭಾಗ ಎದ್ದರೂ ಒಂದೇ, ಮೂತಿ ಇಳಿದರೂ ಒಂದೇ.

ನನ್ನ ಬೈಕಿನಲ್ಲಿ ಸ್ಪೀಡೋಮೀಟರ್ ಗೇರ್‌ಬಾಕ್ಸಿನ ಕಡೆಯಿಂದ ಓದುತ್ತದೆ, ಹಾಗಾಗಿ ಅದಕ್ಕೆ ಏನೂ ಆಗಲಿಲ್ಲ. ಮುಂದಿನ ಚಕ್ರದಿಂದ ಓದುವ ಬೈಕಾದರೆ 70 ಹಾಕಿದ ಮೇಲೆ ಸುಮಾರು ಶೇಕಡಾ 4ರಷ್ಟು ಕಡಿಮೆ ತೋರಿಸುತ್ತದೆ. ಚಕ್ರ ಜಾರದಂತೆ ನೋಡಿಕೊಳ್ಳುವ ಎಬಿಎಸ್, ಟ್ರ್ಯಾಕ್ಷನ್ ಕಂಟ್ರೋಲ್ ಇರುವ ಹೊಸ ಬೈಕಿನಲ್ಲಂತೂ ಈ ಆಟ ಬೇಡ. ಅವು ಎರಡು ಚಕ್ರಗಳ ವೇಗವನ್ನು ಹೋಲಿಸಿ ತೀರ್ಮಾನ ಮಾಡುತ್ತವೆ. ಕಂಪನಿ ಹೇಳಿದ ಅಳತೆಯಲ್ಲೇ ಇದ್ದು, ಬಾಗಿನ ಆಕಾರ ನೋಡಿ ಆರಿಸಿಕೊಳ್ಳಿ.

ಈಗ ನನ್ನ ಫೋರ್ಕಿನ ಕೊಳವೆಯ ಮೇಲೆ ಬಣ್ಣದ ಮೂರು ಗೆರೆಗಳಿವೆ. ಒಂದು 60ಕ್ಕೆ, ಒಂದು ದುಂಡಗಿನ 70ಕ್ಕೆ, ಒಂದು ಚೂಪು 70ಕ್ಕೆ. ರಟ್ಟುಗಳನ್ನು ಗೋಡೆಗೆ ನೇತುಹಾಕಿದ್ದೇನೆ. ಮುಂದಿನ ಸಲಕ್ಕೆ ದುಂಡಗಿನ 70, ಅದರಲ್ಲಿ ಅನುಮಾನ ಇಲ್ಲ. ಅಂಚಿನಲ್ಲಿ ಪಟ್ಟಿ ಉಳಿದರೆ ಉಳಿಯಲಿ, ಗೆಳೆಯರು ನಗಲಿ.